ಕಾವಲು ಕಾಯ್ದ ನೆಲ: ನಮ್ಮ ಸೀಮೆಯ ಹುಲ್ಲುಗಾವಲು, ಗೋಮಾಳ, ಗುಂಡುತೋಪುಗಳ ಚರಿತ್ರೆ

ನಮ್ಮ ಸೀಮೆಯ ಊರುಗಳ ಹೆಸರನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಓದಿದರೆ ಅದರಲ್ಲೇ ಒಂದು ಚರಿತ್ರೆ ಕಾಣುತ್ತದೆ. ಕೆರೆ, ಕಟ್ಟೆ, ಸಂದ್ರ ಎಂದು ಮುಗಿಯುವ ಊರುಗಳು ನೀರು ಕಟ್ಟಿದವರ ನೆನಪು. ಹಳ್ಳಿ, ಪುರ ಎಂದು ಮುಗಿಯುವವು ಉತ್ತು ಬಿತ್ತಿದವರ ನೆನಪು. ಹಟ್ಟಿ ಎಂದು ಮುಗಿಯುವವು ದನ ಕುರಿ ಸಾಕಿದವರ ನೆನಪು. ಇವುಗಳ ನಡುವೆ ‘ಕಾವಲ್’ ಎಂದು ಮುಗಿಯುವ ಹೆಸರುಗಳೂ ಇವೆ. ಅವು ಮನೆಗಳಿದ್ದ ಊರುಗಳಲ್ಲ. ಯಾರೂ ಉಳಬಾರದು, ಯಾರೂ ಬೇಲಿ ಹಾಕಬಾರದು ಎಂದು ಕಾಯ್ದಿಟ್ಟ ಹುಲ್ಲಿನ ನೆಲಗಳು. ಕಾದದ್ದರಿಂದಲೇ ಅದು ಕಾವಲು.

ಗುಬ್ಬಿಯಿಂದ ನಿಟ್ಟೂರಿನ ಕಡೆಗೆ ರೈಲಿನಲ್ಲೋ ಬಸ್ಸಿನಲ್ಲೋ ಬರುವವರಿಗೆ ಕಾಣುವ ನೋಟ ಎಲ್ಲರಿಗೂ ಗೊತ್ತಿರುವುದೇ. ತಗ್ಗಿನಲ್ಲಿ ಕೆರೆ, ಕೆರೆಯ ಹಿಂದೆ ತೆಂಗು ಅಡಿಕೆಯ ತೋಟ, ಅದಕ್ಕಿಂತ ಮೇಲೆ ರಾಗಿ, ಹುರುಳಿ, ಅವರೆ, ತೊಗರಿಯ ಹೊಲ, ಇನ್ನೂ ಮೇಲೆ ಕುರುಚಲು ಗಿಡಗಳ ನಡುವೆ ಹುಲ್ಲಿನ ಬಯಲು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬಯಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತದೆ. ಹೊರಗಿನಿಂದ ಬಂದವರು ಇದನ್ನು ನೋಡಿ ಎಷ್ಟು ಚೆಂದ ಎನ್ನುತ್ತಾರೆ. ನಮಗೆ ಅದು ಚೆಂದಕ್ಕಿಂತ ಮೊದಲು ಒಂದು ವ್ಯವಸ್ಥೆ. ಮೇಲಿನ ಹುಲ್ಲು ಮಳೆಯ ಹೊಡೆತವನ್ನು ತಡೆದು ಮಣ್ಣನ್ನು ಹಿಡಿದರೆ ಕೆರೆಗೆ ತಿಳಿನೀರು ಬರುತ್ತದೆ, ಹೂಳು ಕಡಿಮೆಯಾಗುತ್ತದೆ. ಕೆರೆ ತುಂಬಿದರೆ ಅಚ್ಚುಕಟ್ಟಿನ ಬಾವಿಗಳಲ್ಲಿ ನೀರು ನಿಲ್ಲುತ್ತದೆ, ತೋಟ ಬದುಕುತ್ತದೆ. ಬಯಲಲ್ಲಿ ಮೇದ ದನದ ಗೊಬ್ಬರ ರಾಗಿ ಹೊಲಕ್ಕೆ ಬೀಳುತ್ತದೆ. ಮೇಲಿನದು ಕೆಟ್ಟರೆ ಕೆಳಗಿನದು ಒಂದೊಂದಾಗಿ ಕೆಡುತ್ತದೆ.

ಈ ನೋಟ ತಾನಾಗಿ ಉಂಟಾದದ್ದಲ್ಲ, ತಾನಾಗಿ ಉಳಿದದ್ದೂ ಅಲ್ಲ. ಅರಸರ ಕಟ್ಟಳೆ, ಊರಿನ ಕಟ್ಟುಪಾಡು, ಜನರ ಹೋರಾಟ ಮೂರೂ ಸೇರಿ ಇದನ್ನು ಕಾಯ್ದಿವೆ. ನಮ್ಮ ಶಾಲೆಯ ಐವತ್ತು ವರ್ಷಗಳ ನೆನಪಿನ ಈ ಸಂಪುಟದಲ್ಲಿ, ಶಾಲೆಯ ಸುತ್ತಲಿನ ಈ ನೆಲದ ಚರಿತ್ರೆಗೂ ಒಂದಿಷ್ಟು ಜಾಗ ಸಲ್ಲಬೇಕು ಎಂಬುದು ನನ್ನ ಆಸೆ.

ಬೆಣ್ಣೆ ಚಾವಡಿಯಿಂದ ಅಮೃತಮಹಲಿಗೆ

ನಿಟ್ಟೂರಿಗೆ ಹಳೆಯ ಊರೆಂಬ ಹೆಸರು ತಂದುಕೊಟ್ಟಿರುವುದು ಹೊಯ್ಸಳರ ಕಾಲದ ಶಾಂತಿನಾಥ ಬಸದಿ. ಹನ್ನೆರಡನೆಯ ಶತಮಾನದ ಆ ಕಲ್ಲಿನ ಕೆಲಸವನ್ನು ನಾವೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಸುತ್ತಲಿನ ಹುಲ್ಲುನೆಲಕ್ಕೂ ಒಂದು ದಾಖಲಾದ ಚರಿತ್ರೆ ಇದೆ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಮೈಸೂರಿನ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ಅರಮನೆಯ ದನದ ಹಿಂಡುಗಳು ಬೆಳೆಯುತ್ತ ಹೋದವು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673ರಿಂದ 1704) ಅವುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನೇ ಮಾಡಿದರು. ಹೆಸರೇ ಹೇಳುವಂತೆ ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಮೊದಲ ಕೆಲಸ. ಹಿಂಡುಗಳು ಮೇಯಲೆಂದು ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಗೊತ್ತುಮಾಡಲಾಯಿತು. ಹೈದರಾಲಿಯ ಕಾಲಕ್ಕೆ ಈ ದನಗಳು ಸೈನ್ಯದ ಬೆನ್ನೆಲುಬಾದವು. ಫಿರಂಗಿ ಎಳೆಯಲು, ಸಾಮಾನು ಹೊರಲು ಎತ್ತುಗಳು ಬೇಕಿದ್ದವು. ಟಿಪ್ಪು ಸುಲ್ತಾನ ಇಲಾಖೆಯ ಹೆಸರನ್ನು ‘ಅಮೃತಮಹಲ್’ ಎಂದು ಬದಲಿಸಿ, ಹಿಂಡುಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಹುಕುಂನಾಮೆಯನ್ನೇ ಹೊರಡಿಸಿದ.

ಇಲ್ಲಿ ನಮ್ಮ ತಾಲ್ಲೂಕಿನವರು ಗಮನಿಸಬೇಕಾದ ಒಂದು ಸಂಗತಿ ಇದೆ. ಅಮೃತಮಹಲ್ ತಳಿಗೆ ಬುನಾದಿಯಾದದ್ದು ಮೂರು ಬಗೆಯ ದನಗಳು: ಹಳ್ಳಿಕಾರ್, ಚಿತ್ರದುರ್ಗದ ದನ, ಮತ್ತು ಹಾಗಲವಾಡಿಯ ದನ. ಪಾಳೆಯಗಾರರ ಸಂಸ್ಥಾನವಾಗಿದ್ದ ಹಾಗಲವಾಡಿ ಇಂದು ನಮ್ಮ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ. ಜಗತ್ತಿನ ದನದ ತಳಿಗಳ ಪುಸ್ತಕಗಳಲ್ಲಿ ಹೆಸರು ಪಡೆದ ಒಂದು ತಳಿಯ ಮೂಲದಲ್ಲಿ ನಮ್ಮ ಸೀಮೆಯ ಹುಲ್ಲೂ ನೀರೂ ಇದೆ.

ಕಾವಲುಗಳನ್ನು ಸುಮ್ಮನೆ ಬಿಟ್ಟಿರಲಿಲ್ಲ. ಮಳೆಗಾಲಕ್ಕೆ ಒಂದು ಬಗೆಯ ಕಾವಲು, ಚಳಿಗಾಲಕ್ಕೆ ಇನ್ನೊಂದು, ನೀರು ನೆರಳು ಇರುವಂಥದ್ದು ಬೇಸಿಗೆಗೆ ಎಂದು ವಿಂಗಡಿಸಿದ್ದರು. ಹಿಂಡು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಒಂದು ಕಡೆ ಮೇದ ಹುಲ್ಲಿಗೆ ಮತ್ತೆ ಚಿಗುರಲು, ಬೀಜ ಉದುರಿಸಲು ಸಮಯ ಸಿಗುತ್ತಿತ್ತು. ಸೇರ್ವೆಗಾರರು, ಕಾವಲುಗಾರರು ಎಂಬ ನೌಕರರು ಇದನ್ನು ನೋಡಿಕೊಳ್ಳುತ್ತಿದ್ದರು. ಇಂದಿನ ಪಶುವಿಜ್ಞಾನದ ಪುಸ್ತಕಗಳು ಸರದಿ ಮೇಯಿಸುವಿಕೆ ಎಂದು ಕಲಿಸುವ ಪಾಠ ಇದೇ.

1799ರ ನಂತರ ಬ್ರಿಟಿಷರು ಈ ಹಿಂಡುಗಳ ಬೆಲೆ ಬೇಗ ಅರಿತರು. ಆದರೆ 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತುಗಳು ಸಿಗದಾದವು. 1866ರಲ್ಲಿ ಮತ್ತೆ ದನಗಳನ್ನು ಹುಡುಕಿ ಕೂಡಿಸಿ ಇಲಾಖೆಯನ್ನು ಎಬ್ಬಿಸಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು. ಹಿಂಡನ್ನು ಮಾರಿದರೂ ಆರು ವರ್ಷದಲ್ಲಿ ಮತ್ತೆ ಕಟ್ಟಲು ಸಾಧ್ಯವಾದದ್ದಕ್ಕೆ ಕಾರಣ ಒಂದೇ: ಕಾವಲುಗಳು ಆಗ ಇನ್ನೂ ಕಾವಲುಗಳಾಗಿಯೇ ಉಳಿದಿದ್ದವು. ನೆಲವನ್ನು ಮಾರಿದ್ದರೆ ಎರಡನೆಯ ಅವಕಾಶ ಇರುತ್ತಿರಲಿಲ್ಲ.

‘ಕಾವಲ್’ ಎಂಬ ಹೆಸರಿನ ಎಲ್ಲ ಜಾಗವೂ ಅಮೃತಮಹಲಿನದೇ ಎಂದೇನಲ್ಲ. ಬೇರೆ ಉದ್ದೇಶಕ್ಕೆ ಕಾಯ್ದಿಟ್ಟ ಹುಲ್ಲುನೆಲಗಳೂ ಇದ್ದವು. ಪಕ್ಕದ ಕುಣಿಗಲ್‌ನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಸೈನ್ಯದ ಕುದುರೆಗಳಿಗಾಗಿ ಬೆಳೆದುಬಂದದ್ದು. ನೂರಾರು ಎಕರೆಯ ಆ ಹಸಿರನ್ನು ಇಂದಿಗೂ ನೋಡಬಹುದು. ಅಲ್ಲಿ ಉಪನಗರ ಕಟ್ಟುವ ಪ್ರಸ್ತಾಪ ಈಚೆಗೆ ಬಂದಾಗ ಊರವರಿಂದ ವಿರೋಧವೂ ಎದ್ದಿತು.

ಊರಿನ ಪಾಲು

ಅರಸರ ಕಾವಲಿನಂತೆಯೇ ಊರಿಗೂ ತನ್ನದೇ ಆದ ನೆಲ ಇತ್ತು. ದನ ಮೇಯಲು ಗೋಮಾಳ. ನೆರಳಿಗೆ, ಹಣ್ಣಿಗೆ, ಸಂತೆ ಜಾತ್ರೆಯ ಗಾಡಿ ಬಿಡಲು ಗುಂಡುತೋಪು. ನೀರಿಗೆ ಕೆರೆ, ನೀರು ಇಳಿದ ಮೇಲೆ ಮೇವಿಗೆ ಕೆರೆಯಂಗಳ. ಪಹಣಿಯ ಭಾಷೆಯಲ್ಲಿ ಹುಲ್ಲುಬನ್ನಿ, ಖರಾಬು ಎಂದು ಕರೆಸಿಕೊಳ್ಳುವ ತುಂಡು ನೆಲಗಳು. ಕಂದಾಯದ ಲೆಕ್ಕದಲ್ಲಿ ‘ಖರಾಬು’ ಎಂದರೆ ಬೆಳೆಗೆ ಬಾರದ್ದು, ಅಂದರೆ ಕೆಟ್ಟದ್ದು. ಕಂದಾಯ ಕೊಡದ ನೆಲವೆಲ್ಲ ಪಾಳು ಎಂಬ ಆ ಒಂದು ಪದ ನಮ್ಮ ಹುಲ್ಲುಗಾವಲುಗಳಿಗೆ ಮಾಡಿದ ಕೇಡು ಬರವೂ ಮಾಡಿಲ್ಲ.

ಆ ‘ಖರಾಬು’ ಜಾಗದಿಂದ ಊರಿಗೆ ಏನೇನು ಬರುತ್ತಿತ್ತು ಎಂದು ಹಿರಿಯರನ್ನು ಕೇಳಿ ನೋಡಿ. ದನಕ್ಕೆ ಮೇವು, ಒಲೆಗೆ ಪುಳ್ಳೆ, ಹೊಲಕ್ಕೆ ಹೊಂಗೆ ತಂಗಡಿಯ ಸೊಪ್ಪು, ಗುಡಿಸಲಿಗೆ ಹುಲ್ಲು, ಪೊರಕೆಗೆ ಹಂಚಿಕಡ್ಡಿ, ಮನೆಮದ್ದಿಗೆ ಬೇರು ನಾರು. ಮಕ್ಕಳಿಗೆ ಎಲಚಿ, ಕಾರೆ, ಕವಳೆ, ನೇರಳೆ, ಸೀತಾಫಲ. ಹುಣಸೆ ತೋಪಿನ ಹಣ್ಣಿನ ಹರಾಜಿನ ಹಣ ಊರಿನ ಕೆಲಸಕ್ಕೆ. ಬೆಳೆ ಕುಯ್ದ ಮೇಲೆ ಕುರಿ ಮಂದೆ ತಂದು ಹೊಲದಲ್ಲಿ ನಿಲ್ಲಿಸಿದರೆ ಗೊಬ್ಬರ. ಉಳುವ ತುಂಡು ಭೂಮಿಯೂ ಇಲ್ಲದವರಿಗೆ ಎರಡು ಆಡು, ಒಂದು ಹಸು ಸಾಕುವ ದಾರಿ ಇದ್ದದ್ದು ಈ ನೆಲದಿಂದಲೇ. ಜಮೀನಿದ್ದವನಿಗೆ ಗೋಮಾಳ ಒಂದು ಅನುಕೂಲ. ಇಲ್ಲದವನಿಗೆ ಅದೇ ಜಮೀನು.

ಕೆರೆಗಳಿಗೂ ಹೀಗೆಯೇ ಕಟ್ಟುಪಾಡು ಇತ್ತು. ತೂಬು ಎತ್ತಿ ನೀರು ಹಂಚಲು ನೀರಗಂಟಿ ಇದ್ದ. ಬೇಸಿಗೆಯಲ್ಲಿ ಹೂಳೆತ್ತಿ ಗದ್ದೆ ತೋಟಗಳಿಗೆ ಹೊಡೆಯುವುದು ವಾಡಿಕೆಯಾಗಿತ್ತು. ಶಿಂಷಾ ನದಿಯ ನೀರು ನಿಲ್ಲಿಸಿದ ಕಡಬದ ದೊಡ್ಡ ಕೆರೆಯನ್ನು ಶ್ರೀರಾಮ ಕಟ್ಟಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಪುರಾಣವನ್ನು ಪುರಾಣವಾಗಿಯೇ ತೆಗೆದುಕೊಂಡರೂ ಅದರಲ್ಲೊಂದು ಜಾಣತನ ಕಾಣುತ್ತದೆ. ದೇವರು ಕಟ್ಟಿಸಿದ ಕೆರೆಯನ್ನು ಒತ್ತುವರಿ ಮಾಡಲು ಯಾರಿಗೂ ಸುಲಭಕ್ಕೆ ಧೈರ್ಯ ಬಾರದು.

ಕರಗಿದ ಬಗೆ

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಗಿಲಾಗಿದ್ದ ಅಮೃತಮಹಲ್ ಕಾವಲುಗಳಲ್ಲಿ ಇಂದು ಉಳಿದಿರುವುದು ಸಣ್ಣ ಪಾಲು. ಇದಕ್ಕೆ ಯಾರೋ ಒಬ್ಬರನ್ನು ಖಳನಾಯಕರನ್ನಾಗಿ ಮಾಡಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಪ್ರತಿ ಹಂತಕ್ಕೂ ಒಂದು ಒಪ್ಪುವಂಥ ಕಾರಣ ಇತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶಕ್ಕೆ ಆಹಾರದ ಕೊರತೆ. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿಯಲ್ಲಿ ಕಾವಲುಗಳ ದೊಡ್ಡ ಭಾಗ ಸಾಗುವಳಿಗೆ ಹೋಯಿತು. ಹಸಿದ ದೇಶ ರಾಗಿ ಬೆಳೆಯಲು ನೆಲ ಕೇಳಿದ್ದು ತಪ್ಪೆನ್ನಲಾಗದು. ಮುಂದೆ ಭೂಮಿಯಿಲ್ಲದವರಿಗೆ, ತಲೆತಲಾಂತರದಿಂದ ಬೇರೆಯವರ ಹೊಲದಲ್ಲಿ ದುಡಿದವರಿಗೆ, ಗೋಮಾಳದಿಂದ ಜಮೀನು ಮಂಜೂರಾಯಿತು. ಬಗರ್ ಹುಕುಂ ಸಾಗುವಳಿಯನ್ನು ಸಕ್ರಮ ಮಾಡಲು ನಮೂನೆ 50, 53, 57 ಎಂದು ಅರ್ಜಿಗಳು ಬಂದವು. ಇದರಿಂದ ಎರಡು ಎಕರೆ ಪಡೆದು ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ನಡುವೆ ಇವೆ. ಅವರ ಪಾಲಿಗೆ ಅದು ನ್ಯಾಯವೇ. ಆದರೆ ಬಡವರ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಉಳ್ಳವರೂ ನುಗ್ಗಿದ್ದು, ಬೇಲಿಯೇ ಎದ್ದು ಹೊಲ ಮೇಯ್ದದ್ದು ಕೂಡ ಎಲ್ಲರಿಗೂ ಗೊತ್ತಿರುವ ವಿಷಯ.

ಇನ್ನೊಂದು ಕಡೆ ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸ ಕಡಿಮೆಯಾಯಿತು. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಸೀಮೆಹಸು ಬಂತು. ಡೈರಿಗೆ ಹಾಲು ಹಾಕುವ ಮನೆಗೆ ಬಯಲಿನ ಹುಲ್ಲಿಗಿಂತ ಬೂಸಾ, ಹಿಂಡಿ, ಜೋಳದ ಮೇವು ಮುಖ್ಯವಾಯಿತು. ದನ ಬಯಲಿಗೆ ಹೋಗುವುದು ನಿಂತಂತೆ ಜನರ ಕಣ್ಣೂ ಬಯಲಿನಿಂದ ಸರಿಯಿತು. ದಿನವೂ ಕಾಲಿಡದ ಜಾಗವನ್ನು ಯಾರು ಕಾಯುತ್ತಾರೆ?

ನೀಲಗಿರಿ ಕಿತ್ತ ಕೈಗಳು

ಹಾಗೆಂದು ಜನ ಸುಮ್ಮನೆ ಕುಳಿತಿರಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ರಾಜ್ಯದ ಬಯಲುಸೀಮೆಯ ತುಂಬ ನೀಲಗಿರಿ ಹಬ್ಬಿತು. ಬೇಗ ಬೆಳೆಯುವ ಮರ, ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೆ ಬೇಕಾದ ಮರ. ಆದರೆ ಅದರ ಎಲೆಯನ್ನು ದನ ಮುಟ್ಟುವುದಿಲ್ಲ, ಅದರ ಬುಡದಲ್ಲಿ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ, ಮಳೆ ಕಡಿಮೆ ಇರುವ ಕಡೆ ಅದು ನೆಲದ ತೇವವನ್ನು ಹೀರಿಬಿಡುತ್ತದೆ.

1983ರ ಆಗಸ್ಟ್‌ನಲ್ಲಿ ನಮ್ಮದೇ ತುಮಕೂರು ಜಿಲ್ಲೆಯ ರೈತರು, ಆಗಷ್ಟೇ ಮೂರು ವರ್ಷದ ಹಿಂದೆ ಹುಟ್ಟಿದ್ದ ರೈತ ಸಂಘದ ನೇತೃತ್ವದಲ್ಲಿ, ಅರಣ್ಯ ಇಲಾಖೆಯ ಸಸಿಮಡಿಗೆ ಗುಂಪಾಗಿ ನಡೆದು ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜ ಊರಿದರು. ಕಿತ್ತದ್ದು ಎಷ್ಟು ಮುಖ್ಯವೋ ಊರಿದ್ದೂ ಅಷ್ಟೇ ಮುಖ್ಯ. ನಮಗೆ ಮರ ಬೇಡ ಎಂದು ಅವರು ಹೇಳಲಿಲ್ಲ. ಯಾವ ಮರ ಎಂಬುದನ್ನು ನೆಲದ ಮೇಲೆ ಬದುಕುವವರು ಹೇಳಬೇಕು ಎಂದರು. ಭಾರತದ ಪರಿಸರ ಚಳವಳಿಗಳ ಬಗ್ಗೆ ಬರೆದವರು ಈ ಘಟನೆಯನ್ನು ಮತ್ತೆ ಮತ್ತೆ ನೆನೆಯುತ್ತಾರೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಪಾಠವಾಗಿ ಸಿಗದಿರುವುದು ವಿಷಾದದ ಸಂಗತಿ.

ಮರುವರ್ಷವೇ, 1984ರಲ್ಲಿ, ರಾಜ್ಯ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಸುಮಾರು 75,000 ಎಕರೆ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಯುವುದು ಅದರ ಗುರಿ. ಇದರ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನಿಂತಿತು. ಕೋಟ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತಿಕೊ, ಊರಿಗೆ ಬೇಕಾದ ಗಿಡ ಹಚ್ಚಿಕೊ ಎಂಬುದು ಅದರ ಅರ್ಥ. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ತುಮಕೂರಿನ ರೈತರು ಕೈಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಬರೆಯಲು 34 ವರ್ಷ ಬೇಕಾಯಿತು.

ಬೆಟ್ಟ, ಕಾವಲು, ಕಾರ್ಖಾನೆ

ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆಯ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಇದೆ. ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಲಾರಿಗಳ ಕೆಂಧೂಳು ರಸ್ತೆ ಬದಿಯ ತೆಂಗಿನ ಗರಿಗಳ ಮೇಲೆ ಕುಳಿತದ್ದನ್ನು ಈ ಭಾಗದವರು ಮರೆತಿಲ್ಲ. ಗಣಿಗಾರಿಕೆಯ ಅಕ್ರಮಗಳ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಅದೇ ಸಮಾಜ ಪರಿವರ್ತನ ಸಮುದಾಯ. ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿಯಲ್ಲಿಯೂ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ, ನೆಲವನ್ನು ಸರಿಪಡಿಸುವ ಷರತ್ತು ವಿಧಿಸಿ ಮತ್ತೆ ಬಿಟ್ಟಿತು.

ಇದೇ ಕಾಲಕ್ಕೆ ಚಳ್ಳಕೆರೆಯ ಕಾವಲುಗಳ ವಿಷಯವೂ ದೇಶದ ಗಮನ ಸೆಳೆಯಿತು. ದೊಡ್ಡಉಳ್ಳಾರ್ತಿ, ಕುದಾಪುರ ಮುಂತಾದ ಕಡೆಯ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮುಂತಾದವುಗಳಿಗೆ ಹೋಯಿತು. ಬೇಲಿ ಎದ್ದ ಮೇಲೆಯೇ ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಸುದ್ದಿ ತಿಳಿದದ್ದು. ಆ ಭಾಗದ ಕುರಿಗಾಹಿಗಳು, ಕಂಬಳಿ ನೇಯುವವರು ಆ ಬಯಲನ್ನೇ ನಂಬಿದ್ದವರು. ಕುರಿಗೆ ಹುಲ್ಲಿಲ್ಲ ಎಂದರೆ ಉಣ್ಣೆಯಿಲ್ಲ, ಉಣ್ಣೆಯಿಲ್ಲ ಎಂದರೆ ಚಳ್ಳಕೆರೆಯ ಕಂಬಳಿಯಿಲ್ಲ. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಲ್ಲಿನ ಜನರ ದೂರು ದೇಶದ ವಿಜ್ಞಾನದ ಮೇಲೆ ಇರಲಿಲ್ಲ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ ಎಂಬುದೇ ಅವರ ದೂರು.

ನಮ್ಮ ಹತ್ತಿರದ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ವಿಸ್ತೀರ್ಣ 615 ಎಕರೆ. 2016ರ ಜನವರಿ 3ರಂದು ಪ್ರಧಾನಿ ನರೇಂದ್ರ ಮೋದಿಯವರು ಶಂಕುಸ್ಥಾಪನೆ ಮಾಡಿದರು, 2023ರ ಫೆಬ್ರುವರಿ 6ರಂದು ಉದ್ಘಾಟಿಸಿದರು. ಮೊದಲಿಗೆ ವರ್ಷಕ್ಕೆ ಸುಮಾರು 30 ಲಘು ಹೆಲಿಕಾಪ್ಟರ್ ತಯಾರಿಸುವ ಯೋಜನೆ. ದೇಶದ ರಕ್ಷಣೆಗೆ ಬೇಕಾದ ಯಂತ್ರ ನಮ್ಮ ಮಣ್ಣಿನಿಂದ ಮೇಲೇಳುವುದು ಹೆಮ್ಮೆಯ ವಿಷಯವೇ. ಎಂಜಿನಿಯರಿಂಗ್ ಓದಿ ಕೆಲಸಕ್ಕಾಗಿ ಊರು ಬಿಟ್ಟವರಲ್ಲಿ ನಾನೂ ಒಬ್ಬ. ಕೆಲಸ ಊರಿನ ಬಾಗಿಲಿಗೆ ಬರುವುದರ ಬೆಲೆ ಏನೆಂದು ನಮ್ಮಂಥವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಲೆಕ್ಕ ಎಂದ ಮೇಲೆ ಎರಡೂ ಕಡೆ ಬರೆಯಬೇಕು. ಕಾರ್ಖಾನೆ ಒಂದೇ ಬರುವುದಿಲ್ಲ. ಅದರ ಹಿಂದೆ ಬಡಾವಣೆ, ಗೋದಾಮು, ಲಾರಿ ನಿಲ್ದಾಣ, ಅಗಲವಾದ ರಸ್ತೆ, ಕಲ್ಲು ಜಲ್ಲಿಯ ಬೇಡಿಕೆ ಎಲ್ಲ ಬರುತ್ತವೆ. ಇವೆಲ್ಲ ಮೊದಲು ಹುಡುಕುವುದು ಪರಿಹಾರ ಕೊಡಬೇಕಿಲ್ಲದ, ತಕರಾರು ಮಾಡುವ ಮಾಲೀಕನಿಲ್ಲದ ನೆಲವನ್ನು. ಅಂದರೆ ಗೋಮಾಳ, ಗುಂಡುತೋಪು, ಕೆರೆಯಂಗಳ. ಕಾರ್ಖಾನೆಗೆ ಹೋದ ನೆಲದ ಚರ್ಚೆ ಮುಗಿದಿದೆ. ಅದರ ಸುತ್ತ ಇನ್ನೂ ಉಳಿದಿರುವ ನೆಲ ಏನಾಗಬೇಕು ಎಂಬ ಪ್ರಶ್ನೆ ಈಗ ನಮ್ಮ ಮುಂದೆ ಇದೆ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಇದು ತೀರ್ಮಾನವಾಗುತ್ತದೆ. ನಾವು ಮಾತಾಡಿದರೆ ನಮ್ಮ ಮಾತು ಸೇರಿ, ಸುಮ್ಮನಿದ್ದರೆ ನಮ್ಮನ್ನು ಬಿಟ್ಟು.

ಉಳಿಸಿಕೊಂಡವರು

ಉಳಿಸಿಕೊಳ್ಳಲು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಹೊರಗಿನವರು ಬರಡು ಎನ್ನುವ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು ನೆಗೆಯುವುದನ್ನು ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಯಿತು. ಅಲ್ಲಿ ಅಮೃತಮಹಲ್ ದನವೂ ಕಾಡುಪ್ರಾಣಿಯೂ ಒಂದೇ ಹುಲ್ಲನ್ನು ಹಂಚಿಕೊಳ್ಳುತ್ತವೆ.

ಶಿರಾ ತಾಲ್ಲೂಕಿನ ಕಗ್ಗಲಡುವಿನದು ಇನ್ನೂ ಸರಳವಾದ ಉದಾಹರಣೆ. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಪ್ರತಿವರ್ಷ ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಹಕ್ಕಿಗಳ ಗದ್ದಲ, ಮೀನಿನ ವಾಸನೆ, ಹಿಕ್ಕೆ ಎಲ್ಲವನ್ನೂ ಊರವರು ಸಹಿಸಿಕೊಂಡಿದ್ದಾರೆ. ಮನೆಯ ಮಗಳು ಹೆರಿಗೆಗೆ ತವರಿಗೆ ಬಂದಂತೆ ಎಂದು ನೋಡುವ ಊರಿಗೆ ಕಾವಲುಗಾರ ಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೇ ಬಗೆಯಲ್ಲಿ ನಡೆದುಬಂದು 2007ರಲ್ಲಿ ಸಮುದಾಯ ಮೀಸಲು ಎನಿಸಿತು. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪು ಅದೇ ವರ್ಷ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಒಂದು ಹಳೆಯ ಹುಣಸೆ ತೋಪಿಗೆ ಆ ಗೌರವ ಸಿಗಬಹುದಾದರೆ ನಮ್ಮ ತೋಪುಗಳನ್ನು ಕೀಳಾಗಿ ಕಾಣಬೇಕಿಲ್ಲ.

ಇನ್ನು ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ. ಶಾಲೆಯ ಮೆಟ್ಟಿಲು ಹತ್ತದ, ಕೂಲಿ ಮಾಡಿ ಬದುಕಿದ ಈ ತಾಯಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಮದುವೆಯಾಗಿ ಹೋದರು. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್‌ನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಯ ಬದಿಗೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ 385 ಮರ ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆಯಲ್ಲಿ ಆ ಮರಗಳಿಗೇ ಕುತ್ತು ಬಂದಾಗ, ಇಳಿವಯಸ್ಸಿನ ತಿಮ್ಮಕ್ಕ ಸರ್ಕಾರದ ಬಾಗಿಲಿಗೆ ಹೋಗಿ ನನ್ನ ಮರ ಕಡಿಯಬೇಡಿ ಎಂದು ಕೇಳಬೇಕಾಯಿತು. ಬೇರೆ ದಾರಿ ನೋಡುವ ಭರವಸೆ ಸಿಕ್ಕಿತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ನೆಡುವುದು ಒಂದು ಕೆಲಸ, ನೆಟ್ಟದ್ದನ್ನು ಕೊನೆಯವರೆಗೂ ಕಾಯುವುದು ಇನ್ನೊಂದು ಕೆಲಸ ಎಂಬುದನ್ನು ಅವರ ಬದುಕು ತೋರಿಸುತ್ತದೆ.

ಕಾನೂನು ಮತ್ತು ಕೈಯಲ್ಲಿರುವ ಫೋನು

ಕಾನೂನು ನಮ್ಮ ಕಡೆಗೇ ಇದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳು ಸರ್ಕಾರಿ ಜಮೀನನ್ನು ಊರಿನ ದನ ಮೇಯಲು ಕಾಯ್ದಿರಿಸಬಹುದು. 1966ರ ನಿಯಮಗಳಲ್ಲಿ 97ನೆಯದು 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಹೆಚ್ಚೂಕಡಿಮೆ 30 ಎಕರೆ ಗೋಮಾಳ ಇರಬೇಕೆಂದು ಹೇಳುತ್ತದೆ. ಇದರಲ್ಲೊಂದು ಸೂಕ್ಷ್ಮ ಇದೆ. ಊರಿನಲ್ಲಿ ದನ ಕಡಿಮೆ ಎಂದು ಲೆಕ್ಕ ತೋರಿಸಿದರೆ ಉಳಿದ ಗೋಮಾಳ ‘ಹೆಚ್ಚುವರಿ’ ಎನಿಸಿಕೊಳ್ಳುತ್ತದೆ. ಆದ್ದರಿಂದ ಜಾನುವಾರು ಗಣತಿಯವರು ಮನೆಗೆ ಬಂದಾಗ ಪ್ರತಿ ದನ, ಎಮ್ಮೆ, ಕುರಿ, ಆಡನ್ನು ಸರಿಯಾಗಿ ಬರೆಸುವುದೂ ಗೋಮಾಳ ಉಳಿಸುವ ಕೆಲಸವೇ.

2011ರ ಜನವರಿ 28ರಂದು ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗ್ರಾಮದ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿ ಊರಿಗೆ ಮರಳಿಸಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಪಂಜಾಬಿನ ಒಂದು ಊರ ಕೊಳದ ವ್ಯಾಜ್ಯದಿಂದ ಹುಟ್ಟಿದ ತೀರ್ಪು ಅದು. ಜೀವವೈವಿಧ್ಯ ಅಧಿನಿಯಮ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ, ಹಕ್ಕಿ ಪ್ರಾಣಿ, ತಳಿ, ತಿಳಿವಳಿಕೆಗಳ ದಾಖಲೆ ಪುಸ್ತಕ ಇರಬೇಕು. ಹೆಚ್ಚಿನ ಕಡೆ ಇದು ಕಪಾಟಿನೊಳಗಿನ ಕಾಗದವಾಗಿಯೇ ಉಳಿದಿದೆ.

ಇಲ್ಲಿ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಹಿಂದೆ ಯಾವ ಜಾಗ ಗೋಮಾಳ, ಯಾವುದು ತೋಪು ಎಂದು ತಿಳಿಯಲು ಶ್ಯಾನುಭೋಗರ ಕಡತವೇ ಗತಿ. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಈಗ ಸರ್ಕಾರದ ‘ದಿಶಾಂಕ್’ ಆ್ಯಪ್ ಫೋನಿನಲ್ಲಿದ್ದರೆ, ನಾವು ನಿಂತ ಜಾಗದ ಸರ್ವೆ ನಂಬರ್ ಕಾಣಿಸುತ್ತದೆ. ಅದು ಸರ್ಕಾರಿ ಜಮೀನೋ ಖಾಸಗಿಯೋ ಎಂದು ತಿಳಿಯುತ್ತದೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಸಿಗುತ್ತದೆ. ಅದರಲ್ಲಿ ಹಳ್ಳ, ಕೆರೆ, ಬಂಡಿದಾರಿ ಎಲ್ಲ ಗುರುತಾಗಿರುತ್ತವೆ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ, ಖಾಸಗಿ ಸ್ವತ್ತಲ್ಲ. ಇಷ್ಟು ತಿಳಿಯಲು ಯಾವ ದೊಡ್ಡ ಓದೂ ಬೇಡ.

ಆದರೆ ಆ್ಯಪ್ ಹೇಳದ ವಿಷಯಗಳೂ ಇವೆ. ಆ ತೋಪಿನಲ್ಲಿ ಹಿಂದೆ ಎಷ್ಟು ಮರ ಇದ್ದವು, ಆ ಹುಲ್ಲಿಗೆ ಏನು ಹೆಸರು, ಯಾವ ಹಳ್ಳದಿಂದ ಯಾವ ಕೆರೆಗೆ ನೀರು ಬರುತ್ತಿತ್ತು, ತೋಳ, ನರಿ, ಮೊಲ, ಗೌಜಲಹಕ್ಕಿ ಎಲ್ಲಿ ಕಾಣುತ್ತಿದ್ದವು ಎಂಬುದು ಊರಿನ ಹಿರಿಯರ ತಲೆಯಲ್ಲಿ ಮಾತ್ರ ಇದೆ. ಆ ತಲೆಮಾರು ಒಬ್ಬೊಬ್ಬರಾಗಿ ನಮ್ಮನ್ನು ಬಿಟ್ಟು ಹೋಗುತ್ತಿದೆ. ಒಬ್ಬ ಹಿರಿಯರು ಹೋದರೆ ಒಂದು ನಕ್ಷೆಯೇ ಹೋದಂತೆ.

ಅದಕ್ಕೇ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಶಾಲೆಯ ಮುಂದೆ, ಹಳೆಯ ವಿದ್ಯಾರ್ಥಿಗಳ ಮುಂದೆ ಒಂದು ಸಲಹೆ ಇಡುತ್ತೇನೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಮೇಷ್ಟ್ರು ಮೇಡಂಗಳ ಜೊತೆ ಒಂದೊಂದು ಊರಿನ ಸಾಮೂಹಿಕ ನೆಲವನ್ನು ನಡೆದು ನೋಡಲಿ. ಗ್ರಾಮ ನಕ್ಷೆ ಕೈಯಲ್ಲಿ ಹಿಡಿದು, ಅಜ್ಜ ಅಜ್ಜಿಯರನ್ನು ಕೇಳಿ, ಮರಗಳನ್ನು ಎಣಿಸಿ, ಹುಲ್ಲಿನ ಹೆಸರು ಬರೆದು, ಒಂದು ಪುಸ್ತಕ ಮಾಡಲಿ. ಅದರ ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಹೋಗಲಿ. ಗ್ರಾಮಸಭೆಯಲ್ಲಿ ಒಂದು ಸಲ ಓದಲಿ. ಕಂಪ್ಯೂಟರ್, ನಕ್ಷೆಯ ಕೆಲಸದಲ್ಲಿ ನಮ್ಮಂಥ ಹಳೆಯ ವಿದ್ಯಾರ್ಥಿಗಳು ಕೈ ಜೋಡಿಸಬಹುದು. ಖರ್ಚು ಹೆಚ್ಚಿಲ್ಲ, ಕಾಲು ನೋಯುತ್ತದೆ ಅಷ್ಟೆ.

ಇದರಿಂದ ಎಲ್ಲ ಕಾವಲೂ ಉಳಿಯುತ್ತದೆ ಎಂದು ಹೇಳಲಾರೆ. ಆದರೆ ಮುಂದೆ ಯಾರಾದರೂ ಒಂದು ಸರ್ವೆ ನಂಬರ್ ತೋರಿಸಿ ಇದು ಪಾಳು ಬಿದ್ದ ಜಾಗ ಎಂದಾಗ, ಇಲ್ಲಿ ಇಷ್ಟು ಹುಣಸೆ ಮರ ಇವೆ, ಇಷ್ಟು ಮನೆಯ ಕುರಿ ಮೇಯುತ್ತವೆ, ಈ ಹಳ್ಳದ ನೀರು ನಮ್ಮ ಕೆರೆಗೆ ಬರುತ್ತದೆ ಎಂದು ಹೇಳಲು ಊರಿನ ಕೈಯಲ್ಲಿ ಒಂದು ಬರಹ ಇರುತ್ತದೆ. ಕಾವಲು ಎಂಬ ಪದಕ್ಕೆ ನೋಡಿಕೊಳ್ಳುವುದು ಎಂಬ ಅರ್ಥ ಮೊದಲಿನಿಂದಲೂ ಇದೆ. ಅರಸರ ಕಾವಲುಗಾರರು ಹೋಗಿ ಬಹಳ ಕಾಲವಾಯಿತು. ಆ ಕೆಲಸ ಈಗ ಊರಿನದು, ಈ ಶಾಲೆಯಲ್ಲಿ ಓದಿದ ನಮ್ಮೆಲ್ಲರದು.